ಕಥೆ ಕೇಳುತ್ತ ಸುತ್ತಿದ ಚುಟ್ಟಾ

ಮರದ ಪೆಟ್ಟಿಗೆಯ ಮುಚ್ಚಳವನ್ನು ಮೆಲ್ಲನೆ ಎತ್ತಿದೊಡನೆ ಒಂದು ಬಗೆಯ ಕಂಪು ಹೊರಹೊಮ್ಮುತ್ತದೆ. ಅದು ಹೂವಿನ ಕಂಪಲ್ಲ. ಧೂಪದ ಕಂಪೂ ಅಲ್ಲ. ಸುಗ್ಗಿ ಮುಗಿದ ಕಣದ ಒಣಹುಲ್ಲು, ಅಜ್ಜನ ಕಾಲದ ಸಂದೂಕ, ಆಗತಾನೆ ಹುರಿದ ಕಾಫಿಬೀಜ, ಈ ಮೂರನ್ನೂ ನೆನಪಿಗೆ ತರುವ ಕಂಪು ಅದು. ಒಳಗೆ ಬೆರಳುಗಾತ್ರದ ಚುಟ್ಟಾಗಳು ಸಾಲಾಗಿ ಮಲಗಿರುತ್ತವೆ. ಮೊದಲ ನೋಟಕ್ಕೆ ಎಲ್ಲವೂ ಒಂದೇ ಬಣ್ಣವೆಂದು ತೋರಬಹುದು. ಆದರೆ ಕಣ್ಣಿಟ್ಟು ನೋಡಿದವನಿಗೆ ಎಡತುದಿಯದು ತುಸು ಗಾಢವಾಗಿಯೂ ಬಲಕ್ಕೆ ಸರಿದಂತೆಲ್ಲ ಒಂದೊಂದೂ ಕೂದಲೆಳೆಯಷ್ಟು ತಿಳಿಯಾಗಿಯೂ ಇರುವುದು ಗೋಚರವಾಗುತ್ತದೆ. ಹೀಗೆ ಬಣ್ಣವರಿತು ಜೋಡಿಸುವುದಕ್ಕೆಂದೇ ಕ್ಯೂಬಾ ದೇಶದ ಹವಾನಾ ನಗರದ ಕಾರ್ಖಾನೆಗಳಲ್ಲಿ ನುರಿತ ಕೆಲಸಗಾರರಿದ್ದಾರೆ. ಕಂದು ಎಂಬ ಒಂದೇ ಬಣ್ಣದಲ್ಲಿ ಅರುವತ್ತಕ್ಕೂ ಹೆಚ್ಚು ಛಾಯೆಗಳನ್ನು ಗುರುತಿಸಬಲ್ಲ ಕಣ್ಣು ಅವರದು.

ಇಂಥ ಒಂದು ಚುಟ್ಟಾವನ್ನು ಸೇದಿ ಮುಗಿಸಲು ಸುಮಾರು ಒಂದು ಗಂಟೆ ಸಾಕು. ಅದನ್ನು ಆಗುಮಾಡಲು ವರ್ಷಗಳೇ ಬೇಕು. ಆ ವರ್ಷಗಳ ಕಥೆಯನ್ನು ಅರಿಯದವನು ಎಷ್ಟು ಬೆಲೆಯ ಚುಟ್ಟಾ ಹೊತ್ತಿಸಿದರೂ ಹೊಗೆ ಬಿಟ್ಟವನೆನಿಸಿಕೊಳ್ಳುವನೇ ಹೊರತು ರಸಿಕನೆನಿಸಿಕೊಳ್ಳಲಾರ. ಅರಿತವನಾದರೋ, ಒಂದನ್ನೂ ಹೊತ್ತಿಸದೆಯೇ ಅದರ ಸೊಗಸನ್ನು ಮೆಚ್ಚಬಲ್ಲ.

ನಮ್ಮ ಹಿರಿಯರು ತಾಂಬೂಲದಲ್ಲಿ ಹದಿಮೂರು ಗುಣಗಳನ್ನು ಎಣಿಸಿದರು. ಎಲೆಯ ಎಳಸು, ಸುಣ್ಣದ ಹದ, ಅಡಿಕೆಯ ಪಾಕ ಒಂದೊಂದಕ್ಕೂ ಅವರಲ್ಲಿ ವಿಚಾರವಿತ್ತು. ಹಿತ್ತಲಿನ ಒಂದು ಎಲೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದ ಜನರಿಗೆ, ಹೊಗೆಸೊಪ್ಪಿನ ವಿಷಯದಲ್ಲಿ ಕ್ಯೂಬಾದವರು ಅಷ್ಟೇ ಶ್ರದ್ಧೆ ವಹಿಸಿದರೆಂದರೆ ಸೋಜಿಗವಾಗಲಾರದು.

ಹೆಸರಿನ ಸುರುಳಿ

ಇಂಗ್ಲಿಷಿನವರು ದಕ್ಷಿಣ ಭಾರತದ ಚುಟ್ಟಾವನ್ನು ‘ಚೆರೂಟ್’ ಎಂದು ಕರೆದರು. ಆ ಮಾತು ಅವರಿಗೆ ದೊರೆತದ್ದು ತಮಿಳಿನ ‘ಸುರುಟ್ಟು’ ಎಂಬ ಶಬ್ದದಿಂದ. ಕನ್ನಡದ ‘ಸುರುಟು’, ‘ಸುರುಳಿ’ಗಳು ಅದೇ ಬಳ್ಳಿಯ ಹೂಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ತಿರುಚಿನಾಪಳ್ಳಿಯ ಚುಟ್ಟಾ ಲಂಡನ್ನಿನವರೆಗೂ ಹೆಸರು ಮಾಡಿತ್ತು. ಸುರುಟಿದ್ದೇ ಚುರುಟು. ಎಲೆಯನ್ನು ಸುತ್ತುವ ಕೆಲಸವೇ ಪದಾರ್ಥಕ್ಕೆ ಹೆಸರಾಗಿ ನಿಂತಿತು.

ಗಿಡ ಮಾತ್ರ ಅಮೆರಿಕ ಖಂಡದ್ದು. 1492ರ ನವೆಂಬರಿನಲ್ಲಿ ಕೊಲಂಬಸ್ಸನು ಕ್ಯೂಬಾದ ಒಳನಾಡಿಗೆ ಇಬ್ಬರನ್ನು ಕಳುಹಿಸಿದ. ರೊದ್ರೀಗೊ ದೆ ಹೆರೆಸ್ ಮತ್ತು ಲೂಯಿಸ್ ದೆ ತೊರ್ರೆಸ್ ಎಂದು ಅವರ ಹೆಸರು. ಹುಡುಕಿದ ಚಿನ್ನ ಅವರಿಗೆ ಸಿಗಲಿಲ್ಲ. ಆದರೆ ಅಲ್ಲಿನ ತೈನೊ ಜನ, ಗಂಡಸರು ಹೆಂಗಸರೆನ್ನದೆ, ಎಲೆಯ ಸುರುಳಿಗೆ ಕೆಂಡ ತಾಗಿಸಿ ಹೊಗೆ ಹೀರುತ್ತಿದ್ದುದನ್ನು ಕಂಡು ಅವರು ಬೆರಗಾಗಿ ಮರಳಿದರು. ಆ ಜನಾಂಗ ಸ್ಪೇನಿನವರ ಆಳ್ವಿಕೆಯಲ್ಲಿ ಬಹುಮಟ್ಟಿಗೆ ಅಳಿದುಹೋಯಿತು. ಅವರ ಎಲೆಸುರುಳಿಯ ಹೆಸರಾದ ‘ಕೊಹಿಬಾ’ ಮಾತ್ರ ಉಳಿಯಿತು. 1966ರಲ್ಲಿ ಕ್ಯೂಬಾ ಹುಟ್ಟುಹಾಕಿದ ಅತಿ ಶ್ರೇಷ್ಠ ದರ್ಜೆಯ ಚುಟ್ಟಾಕ್ಕೆ ಅದೇ ಹೆಸರನ್ನು ಇಡಲಾಯಿತು.

ಕೆಂಪು ಮಣ್ಣಿನ ಕೂಸು

ಹವಾನಾದಿಂದ ಪಡುವಲಿಗೆ ಸಾಗಿದರೆ ಪಿನಾರ್ ದೆಲ್ ರಿಯೊ ಎಂಬ ಪ್ರಾಂತ. ಅದರೊಳಗೆ ವುಯೆಲ್ತಾ ಅಬಾಹೊ ಎಂಬ ಸೀಮೆ. ನೆಲ ಕೆಂಪು, ಮರಳು ಬೆರೆತ, ನೀರು ನಿಲ್ಲದ ಮಣ್ಣು. ಚುಟ್ಟಾದ ಎಲೆಗೆ ಇದಕ್ಕಿಂತ ಮಿಗಿಲಾದ ನೆಲ ಲೋಕದಲ್ಲಿಲ್ಲವೆಂದು ಬಲ್ಲವರು ಹೇಳುತ್ತ ಬಂದಿದ್ದಾರೆ. ಸಾನ್ ಲೂಯಿಸ್ ಊರಿನ ಅಲೆಹಾಂದ್ರೊ ರೊಬೈನಾ ಎಂಬ ಬೇಸಾಯಗಾರನ ಮನೆತನ 1845ರಿಂದಲೂ ಅಲ್ಲಿ ಹೊಗೆಸೊಪ್ಪು ಬೆಳೆದದ್ದು. 1997ರಲ್ಲಿ ಅವನ ಹೆಸರನ್ನೇ ಒಂದು ಬಗೆಯ ಚುಟ್ಟಾಕ್ಕೆ ಇಟ್ಟರು. ಮಣ್ಣನ್ನು ನಂಬಿ ಬಾಳಿದ ಒಬ್ಬ ರೈತ ದೊರೆಗಳ ತುಟಿಗೆ ಏರುವ ಪದಾರ್ಥಕ್ಕೆ ಹೆಸರಾದದ್ದು ಅಪೂರ್ವ ಗೌರವ. ಅವನು 2010ರಲ್ಲಿ, ತೊಂಬತ್ತು ದಾಟಿದ ಮೇಲೆ, ತೀರಿಕೊಂಡ.

ಸಸಿಮಡಿಯಿಂದ ಕಿತ್ತು ನೆಟ್ಟ ಗಿಡಕ್ಕೆ ದಿನವೂ ಉಪಚಾರ ನಡೆಯಬೇಕು. ಹೂಗೊಂಚಲನ್ನು ಚಿವುಟಬೇಕು, ಎಲೆಯ ಕಂಕುಳಲ್ಲಿ ಮೂಡುವ ಮರಿಕುಡಿಗಳನ್ನು ಬಿಡದೆ ತೆಗೆಯಬೇಕು. ಬಲವೆಲ್ಲ ಎಲೆಗೇ ಸಲ್ಲಬೇಕೆಂಬುದು ಉದ್ದೇಶ. ಚುಟ್ಟಾದ ಹೊರಮೈಗೆ ಬೇಕಾದ ಎಲೆಗಾದರೆ ಇನ್ನೂ ಹೆಚ್ಚಿನ ಲಾಲನೆ. ಹೊಲಕ್ಕೆ ಹೊಲವನ್ನೇ ತೆಳು ಬಟ್ಟೆಯ ಚಪ್ಪರದಿಂದ ಮುಚ್ಚಿ, ಬಿಸಿಲು ಸೋಸಿ ಬೀಳುವಂತೆ ಮಾಡುತ್ತಾರೆ. ಆ ನೆರಳಿನಲ್ಲಿ ಎಲೆ ಅಗಲವಾಗಿ, ನಯವಾಗಿ ಬೆಳೆಯುತ್ತದೆ.

ಕೊಯ್ಲು ಎಂದರೆ ಗಿಡ ಕಡಿಯುವುದಲ್ಲ. ಬುಡದಿಂದ ಮೊದಲುಗೊಂಡು, ಒಂದು ಸಲಕ್ಕೆ ಎರಡು ಮೂರು ಎಲೆಗಳನ್ನಷ್ಟೇ ಕೈಯಿಂದ ಬಿಡಿಸಿ, ಕೆಲವು ದಿನ ತಡೆದು, ಮೇಲಿನವು ಮಾಗಿದ ಬಳಿಕ ಮತ್ತೆ ಬಿಡಿಸುತ್ತಾರೆ. ಒಂದು ಗಿಡ ಬರಿದಾಗಲು ಸುಮಾರು ಒಂದು ತಿಂಗಳು. ಕೆಳಗಿನ ಎಲೆ ಹಗುರ. ಚೆನ್ನಾಗಿ ಉರಿಯುವುದು ಅದರ ಗುಣ. ಅದಕ್ಕೆ ‘ವೊಲಾದೊ’ ಎಂದು ಹೆಸರು. ನಡುವಿನದು ‘ಸೆಕೊ’, ಕಂಪು ಅದರ ಸೊತ್ತು. ಬಿಸಿಲನ್ನೆಲ್ಲ ಕುಡಿದ ಮೇಲಿನ ಎಲೆ ‘ಲಿಹೆರೊ’, ಖಾರ ಅದರದು. ಒಂದೇ ತಾಯಿಯ ಮೂವರು ಮಕ್ಕಳಿಗೆ ಮೂರು ಸ್ವಭಾವ.

ಬಿಡಿಸಿದ ಎಲೆಗಳನ್ನು ನೂಲಿನಿಂದ ಜೋಡಿಜೋಡಿಯಾಗಿ ಪೋಣಿಸಿ, ಗಳುಗಳ ಮೇಲೆ ಹಾಕಿ, ಎತ್ತರವಾದ ಒಣಮನೆಗಳಲ್ಲಿ ತೂಗುಬಿಡುತ್ತಾರೆ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಸಿಗರೇಟಿನ ಸೊಪ್ಪನ್ನು ಬ್ಯಾರನ್ನುಗಳಲ್ಲಿ ಬೆಂಕಿಯ ಕಾವು ಕೊಟ್ಟು ಹದಗೊಳಿಸುವುದನ್ನು ಕಂಡವರಿಗೆ ಇಲ್ಲೊಂದು ಭೇದ ಕಾಣುತ್ತದೆ. ಕ್ಯೂಬಾದ ಒಣಮನೆಯಲ್ಲಿ ಸಾಮಾನ್ಯವಾಗಿ ಬೆಂಕಿಯಿಲ್ಲ, ಬರಿಯ ಗಾಳಿ. ಮುಂಜಾನೆಯ ಬಿಸಿಲು ಒಂದು ತುದಿಗೆ, ಸಂಜೆಯದು ಇನ್ನೊಂದು ತುದಿಗೆ ತಾಗುವಂತೆ ಮನೆಯನ್ನು ಕಟ್ಟಿರುತ್ತಾರೆ. ಬಾಗಿಲು ತೆರೆಯುತ್ತ, ಮುಚ್ಚುತ್ತ, ಒಣಹವೆ ತೇವಹವೆಗಳನ್ನು ತೂಗುತ್ತ ಐವತ್ತು ದಿನಗಳಷ್ಟು ಕಾಲ ಕಾಯುತ್ತಾರೆ. ಹಸುರು ಹಳದಿಯಾಗುತ್ತದೆ; ಹಳದಿ ಕಂದಾಗುತ್ತದೆ.

ಒಣಗಿದ ಮಾತ್ರಕ್ಕೆ ಎಲೆ ಪಕ್ವವಾಯಿತೆಂದಲ್ಲ. ಅವನ್ನು ತೇವಗೊಳಿಸಿ ಮೆದೆಯೊಟ್ಟಿದಾಗ ಒಳಗೆ ತಾನಾಗಿ ಕಾವು ಹುಟ್ಟುತ್ತದೆ. ಗೊಬ್ಬರದ ಗುಂಡಿಯಲ್ಲಿ ಹಬೆಯೇಳುವುದೂ ಇದೇ ನ್ಯಾಯದಿಂದ. ಈ ಹುದುಗಿನಲ್ಲಿ ಎಲೆಯ ಕಟುತ್ವ ಕಳೆದು, ಮೂಗಿಗೆ ಅಡರುವ ಅಮೋನಿಯಾ ಆವಿಯಾಗಿ ಹೊರಟುಹೋಗುತ್ತದೆ. ಕಾವು ಮಿತಿಮೀರಿದರೆ ಎಲೆ ಕೆಟ್ಟಿತು. ಆದುದರಿಂದ ಆಗಾಗ ಅಳೆದು ನೋಡಿ, ಮೆದೆಯನ್ನು ಕೆಡವಿ, ಒಳಗಿನದನ್ನು ಹೊರಗೆ ಹಾಕಿ ಮತ್ತೆ ಒಟ್ಟುತ್ತಾರೆ. ಆಮೇಲೆ ಮೂಟೆ ಕಟ್ಟಿ ಉಗ್ರಾಣದಲ್ಲಿ ಇಡುವುದು. ಖಾರದ ಲಿಹೆರೊ ಎಲೆಗೆ ಕನಿಷ್ಠ ಎರಡು ವರ್ಷದ ಅಜ್ಞಾತವಾಸ. ಆತುರಗಾರನಿಗೆ ಈ ವ್ಯವಸಾಯದಲ್ಲಿ ಎಡೆಯಿಲ್ಲ.

ಬೆರಳುಗಳ ವಿದ್ಯೆ

ಕಾರ್ಖಾನೆಯ ಸುತ್ತುವ ಶಾಲೆಗೆ ‘ಗಲೆರಾ’ ಎಂದು ಹೆಸರು. ಪಾಠಶಾಲೆಯಲ್ಲಿರುವಂತೆ ಸಾಲುಸಾಲು ಮೇಜುಗಳು. ಒಂದೊಂದರ ಮುಂದೆ ಒಬ್ಬೊಬ್ಬ ಕುಶಲಕರ್ಮಿ. ಒಂದು ಕಾಲಕ್ಕೆ ಇದು ಬಹುಮಟ್ಟಿಗೆ ಗಂಡಸರ ವಿದ್ಯೆಯಾಗಿತ್ತು. ಈಗ ಈ ಸಾಲುಗಳಲ್ಲಿ ಹೆಂಗಸರೇ ಬಹಳ ಮಂದಿ. ಕ್ಯೂಬಾದ ತರುಣಿಯರು ಚುಟ್ಟಾವನ್ನು ತೊಡೆಯ ಮೇಲೆ ಹೊಸೆಯುತ್ತಾರೆಂದು ಹಿಂದಿನ ಪ್ರವಾಸಿಗಳು ಹಬ್ಬಿಸಿದ ಮಾತು ಬರಿಯ ರಸಿಕಕಲ್ಪನೆ. ಎಲೆಯ ನಡುನರ ತೆಗೆಯುವ, ಎಲೆ ವಿಂಗಡಿಸುವ ಹೆಂಗಸರು ಎಲೆಗಳನ್ನು ಮಡಿಲಲ್ಲಿ ಹರಡಿಕೊಂಡು ಕುಳಿತದ್ದನ್ನು ಕಂಡು ಕಟ್ಟಿದ ಕಥೆ ಅದು.

ಚುಟ್ಟಾಕ್ಕೆ ಮೂರು ಅಂಗಗಳು: ಒಳಗಿನ ಹೂರಣ, ಅದನ್ನು ಹಿಡಿದಿಡುವ ಕಟ್ಟೆಲೆ, ಮೇಲಿನ ಹೊದಿಕೆ. ಹೂರಣಕ್ಕೆ ವೊಲಾದೊ, ಸೆಕೊ, ಲಿಹೆರೊಗಳನ್ನು ಗೊತ್ತಾದ ಪ್ರಮಾಣದಲ್ಲಿ ಸೇರಿಸುತ್ತಾರೆ. ಒಂದೊಂದು ಬಗೆಯ ಚುಟ್ಟಾಕ್ಕೂ ಒಂದೊಂದು ಪ್ರಮಾಣ. ಕೆಲಸಗಾರ ಎಲೆಗಳನ್ನು ಪುಡಿಮಾಡುವುದಿಲ್ಲ. ಇಡಿಯಾಗಿಯೇ ಮಡಿಸಿ, ಒಂದರ ಪಕ್ಕಕ್ಕೆ ಒಂದನ್ನಿಟ್ಟು ಅಂಗೈಯಲ್ಲಿ ಹಿಡಿಯುತ್ತಾನೆ. ನಿಧಾನವಾಗಿ ಉರಿಯುವ ಲಿಹೆರೊ ನಟ್ಟನಡುವೆ ಇರಬೇಕು. ಮಡಿಕೆಗಳ ನಡುವೆ ಈ ತುದಿಯಿಂದ ಆ ತುದಿಯವರೆಗೆ ಗಾಳಿಗೆ ಹಾದಿಯಿರಬೇಕು. ಹಿಡಿತ ಬಿಗಿಯಾದರೆ ಹೊಗೆ ಬಾರದು. ಸಡಿಲವಾದರೆ ಭರ್ರನೆ ಉರಿದು ಬಾಯಿ ಸುಡುವುದು. ವೀಣೆಯ ತಂತಿಗೂ ಇದೇ ಮಾತು ಸಲ್ಲುತ್ತದೆ.

ಕಟ್ಟೆಲೆಯಲ್ಲಿ ಸುತ್ತಿ, ಅಚ್ಚಿನಲ್ಲಿಟ್ಟು ಒತ್ತಿದ ಮೇಲೆ ಹೊದಿಕೆಯ ಸರದಿ. ಕೆಲಸಗಾರನ ಮುಖ್ಯ ಆಯುಧ ‘ಚವೆತಾ’, ಬಾಗಿದ ಅಲಗಿನ ಚಪ್ಪಟೆ ಉಕ್ಕಿನ ತುಂಡು. ಅದರಿಂದ ರೇಷ್ಮೆಯಂಥ ಎಲೆಯನ್ನು ಒಂದೇ ಸೆಳೆತಕ್ಕೆ ಕತ್ತರಿಸಿ, ನರಗಳು ಒಳಮುಖವಾಗುವಂತೆ, ಬುಡದಿಂದ ತಲೆಯವರೆಗೆ ಓರೆಯಾಗಿ ಸುತ್ತುತ್ತಾನೆ. ತಲೆಗೆ ಅದೇ ಎಲೆಯ ಚೂರಿನಿಂದ ಪುಟ್ಟ ಟೋಪಿ. ಅಂಟಿಸಲು ರುಚಿಯಾಗಲಿ ಬಣ್ಣವಾಗಲಿ ಇಲ್ಲದ ಸಸ್ಯದ ಗೋಂದು. ಗಾತ್ರ ನೋಡಲು ತೂತುಬಿದ್ದ ಒಂದು ಅಳತೆಪಟ್ಟಿ. ದಪ್ಪವನ್ನು ಅಂಗುಲದ ಅರುವತ್ತನಾಲ್ಕನೆಯ ಭಾಗಗಳಲ್ಲಿ ಎಣಿಸುವುದು ವಾಡಿಕೆ. ಚರ್ಚಿಲ್ಲನ ಹೆಸರಿನ ಗಾತ್ರವೆಂದರೆ ಏಳು ಅಂಗುಲ ಉದ್ದ, ನಲವತ್ತೇಳು ದಪ್ಪ. ಅವನು ತನ್ನ ಇಪ್ಪತ್ತೊಂದನೆಯ ಹುಟ್ಟುಹಬ್ಬವನ್ನು 1895ರಲ್ಲಿ ಕ್ಯೂಬಾದಲ್ಲಿಯೇ ಕಳೆದದ್ದು.

ಗಾತ್ರವನ್ನು ಅನುಸರಿಸಿ ಒಬ್ಬನು ದಿನಕ್ಕೆ ನೂರರ ಆಚೆ ಈಚೆ ಸುತ್ತಬಲ್ಲ. ಬೆರಳುಗಳು ಕಲಿತದ್ದನ್ನೇ ಮತ್ತೆ ಮತ್ತೆ ಮಾಡುತ್ತವೆ. ಕಣ್ಣು ಎಲೆಯ ಮೇಲೆ. ಆದರೆ ಕಿವಿ? ಅದು ಬಿಡುವಾಗಿಯೇ ಇತ್ತು. ಈ ಬಿಡುವಾದ ಕಿವಿಯಿಂದಲೇ ಹವಾನಾ ಚುಟ್ಟಾದ ಅತ್ಯಂತ ಸುಂದರವಾದ ಅಧ್ಯಾಯ ಹುಟ್ಟಿತು.

ಪೀಠದ ಮೇಲಿನ ವಾಚಕ

1865ರ ಡಿಸೆಂಬರಿನಲ್ಲಿ ಹವಾನಾದ ‘ಎಲ್ ಫಿಗರೊ’ ಎಂಬ ಕಾರ್ಖಾನೆಯಲ್ಲಿ ಕೆಲಸಗಾರರು ಒಂದು ಹೊಸ ಏರ್ಪಾಡು ಮಾಡಿಕೊಂಡರು. ತಮ್ಮಲ್ಲಿ ಒಬ್ಬನು ಸುತ್ತುವುದನ್ನು ಬಿಟ್ಟು ಗಟ್ಟಿಯಾಗಿ ಓದುವುದು. ಉಳಿದವರು ಕೇಳುತ್ತ ಕೆಲಸ ಮಾಡುವುದು. ಅವನಿಗಾದ ಕೂಲಿಯ ನಷ್ಟವನ್ನು ಎಲ್ಲರೂ ಸೇರಿ ತುಂಬಿಕೊಡುವುದು. ಮಾಲೀಕನು ಕೊಟ್ಟ ದಾನವಲ್ಲ ಇದು. ದುಡಿದವರು ತಮ್ಮ ದುಡ್ಡಿನಿಂದ ಕೊಂಡ ಅಕ್ಷರ. ಕೆಲವೇ ದಿನಗಳಲ್ಲಿ ‘ಪರ್ತಗಾಸ್’ ಮೊದಲಾದ ಕಾರ್ಖಾನೆಗಳಿಗೂ ಈ ಪದ್ಧತಿ ಹಬ್ಬಿತು. ಕೆಲಸಗಾರರಲ್ಲಿ ಅನೇಕರಿಗೆ ಓದುಬರಹ ಬಾರದು. ಆದರೂ ಅವರು ಕೇಳಿ ಕೇಳಿಯೇ ಪಂಡಿತರಾದರು. ನಮ್ಮ ಹಳ್ಳಿಗಳ ಗುಡಿಯ ಜಗಲಿಯಲ್ಲಿ ಭಾರತವಾಚನ ಕೇಳಿಯೇ ಕಾವ್ಯವನ್ನು ಬಾಯಲ್ಲಿ ಆಡಿಸುತ್ತಿದ್ದ ಹಿರಿಯರನ್ನು ಬಲ್ಲವರಿಗೆ ಈ ಮಾತು ಅತಿಶಯವೆನಿಸದು.

ಆಳುವವರಿಗೆ ಇದು ಅತಿಶಯಕ್ಕಿಂತ ಅಪಾಯವಾಗಿ ತೋರಿತು. ಕೇಳುವ ಕಿವಿ ನಾಳೆ ಪ್ರಶ್ನೆ ಕೇಳುವ ಬಾಯಾಗುತ್ತದೆ. 1866ರಲ್ಲಿಯೇ ಸ್ಪೇನಿನ ಅಧಿಕಾರಿಗಳು ಕಾರ್ಖಾನೆಗಳಲ್ಲಿ ವಾಚನವನ್ನು ನಿಷೇಧಿಸಿದರು. ಅದು ಮತ್ತೆ ತಲೆಯೆತ್ತಿತು. ಮತ್ತೆ ಅದನ್ನು ಅಡಗಿಸಿದರು. 1868ರಲ್ಲಿ ಸ್ವಾತಂತ್ರ್ಯದ ಕದನ ತೊಡಗಿದಾಗ ಎಷ್ಟೋ ಮಂದಿ ಕೆಲಸಗಾರರು ಕಡಲು ದಾಟಿ ಅಮೆರಿಕದ ಫ್ಲಾರಿಡಾ ಪ್ರಾಂತದ ಕೀ ವೆಸ್ಟಿಗೆ ವಲಸೆಹೋದರು. ಮುಂದೆ ಟ್ಯಾಂಪಾ ನಗರದಲ್ಲಿಯೂ ನೆಲೆಸಿದರು. ಚವೆತಾದ ಜೊತೆಗೆ ವಾಚಕನನ್ನೂ ಕರೆದೊಯ್ದರು. 1891ರಲ್ಲಿ ಕ್ಯೂಬಾದ ಕವಿಯೂ ಸ್ವಾತಂತ್ರ್ಯವೀರನೂ ಆದ ಹೊಸೆ ಮಾರ್ತಿ ಟ್ಯಾಂಪಾದಲ್ಲಿ ಮಾತನಾಡಿದಾಗ, ಅವನ ಮಾತಿನ ಒಳಮರ್ಮವನ್ನು ಹಿಡಿಯಬಲ್ಲ ಸಭೆ ಅಲ್ಲಿ ಸಿದ್ಧವಾಗಿತ್ತು. ತಮ್ಮ ಕೂಲಿಯ ಒಂದು ಪಾಲನ್ನು ನಾಡಿನ ಬಿಡುಗಡೆಗೆಂದು ತೆಗೆದಿಟ್ಟವರು ಈ ಚುಟ್ಟಾ ಸುತ್ತುವ ಜನ.

ವಾಚಕನಿಗೆ ಎತ್ತರವಾದ ಪೀಠ. ಬೆಳಗ್ಗೆ ವೃತ್ತಪತ್ರಿಕೆ, ಆಮೇಲೆ ಕಾದಂಬರಿ. ಯಾವ ಪುಸ್ತಕ ಬೇಕೆಂಬುದನ್ನು ಕೇಳುಗರೇ ಮತ ಹಾಕಿ ತೀರ್ಮಾನಿಸುವರು. ಹ್ಯೂಗೊ, ಜೋಲಾ, ಡ್ಯೂಮಾ, ಸೆರ್ವಾಂಟಿಸ್ ಅವರೆಲ್ಲ ಆ ಹೊಗೆಸೊಪ್ಪಿನ ಧೂಳಿನ ನಡುವೆ ಕಂತುಕಂತಾಗಿ ಬಿಚ್ಚಿಕೊಂಡರು. ನಾಯಕ ಸೆರೆಮನೆಯ ಗೋಡೆ ಕೊರೆಯುತ್ತಿರುವಾಗ ಹೊತ್ತು ಮುಗಿದು ಪುಸ್ತಕ ಮುಚ್ಚಿದರೆ, ನಾಳೆಯವರೆಗೆ ಕಾಯುವ ತಳಮಳ! ಧಾರಾವಾಹಿಯ ಓದುಗರಿಗೆ ಅದನ್ನು ವಿವರಿಸಬೇಕಾದುದಿಲ್ಲ. ಓದು ಮನಸ್ಸಿಗೆ ಹಿಡಿಸಿದರೆ ಚಪ್ಪಾಳೆಯಿಲ್ಲ. ಎಲ್ಲರೂ ಚವೆತಾದಿಂದ ಮೇಜಿನ ಹಲಗೆಯನ್ನು ಟಕಟಕನೆ ಬಡಿಯುವರು. ಇಡೀ ಶಾಲೆ ಮಳೆ ಹೊಯ್ದಂತೆ ಸದ್ದುಮಾಡುವುದು.

ಹೀಗೆ ಕೇಳಿದ ಕಥೆಗಳು ಚುಟ್ಟಾದ ಮೇಲೆಯೇ ಅಚ್ಚೊತ್ತಿ ನಿಂತವು. 1935ರಲ್ಲಿ ಹುಟ್ಟಿದ ‘ಮಾಂಟೆಕ್ರಿಸ್ಟೊ’ ಡ್ಯೂಮಾನ ಕಾದಂಬರಿಯ ಹೆಸರನ್ನು ಹೊತ್ತಿದೆ. ಅದಕ್ಕೂ ಹಿಂದಿನ, 1875ರ ‘ರೊಮಿಯೊ ಈ ಹುಲಿಯೆತಾ’ ಷೇಕ್ಸ್‌ಪಿಯರನ ಪ್ರೇಮಿಗಳದು. ಜಗತ್ತಿನ ಸಿರಿವಂತರು ಬೆರಳ ನಡುವೆ ಹಿಡಿದು ಮೆರೆಯುವ ಈ ಹೆಸರುಗಳಲ್ಲಿ ಕೂಲಿಕಾರರ ಸಾಹಿತ್ಯಾಭಿರುಚಿಯ ನೆನಪು ಅಡಗಿದೆ.

ಎಲ್ಲ ಕಡೆಯೂ ಈ ಕಥೆ ಸುಖಾಂತವಾಗಲಿಲ್ಲ. ಟ್ಯಾಂಪಾದ ಮಾಲೀಕರು, ವಾಚಕರು ಕೆಲಸಗಾರರನ್ನು ಕೆರಳಿಸುತ್ತಾರೆಂದು ದೂರಿ 1931ರಲ್ಲಿ ಅವರನ್ನು ಹೊರಗಟ್ಟಿದರು. ಕೆಲಸಗಾರರು ಮುಷ್ಕರ ಹೂಡಿದರು, ಸೋತರು. ವಾಚಕನ ಪೀಠವಿದ್ದ ಎಡೆಗೆ ರೇಡಿಯೊ ಬಂತು. ರೇಡಿಯೊ ಹಾಡುತ್ತದೆ, ಸುದ್ದಿ ಹೇಳುತ್ತದೆ. ಆದರೆ ಅದಕ್ಕೆ ಯಾವ ಪುಸ್ತಕ ಬೇಕೆಂದು ಮತ ಹಾಕಲಾಗದು. ಕ್ಯೂಬಾದಲ್ಲಿ ಮಾತ್ರ ರೇಡಿಯೊ ಬಂದ ಮೇಲೂ ವಾಚಕ ಉಳಿದ. 2012ರಲ್ಲಿ ಆ ದೇಶ ಕಾರ್ಖಾನೆಯ ವಾಚನವನ್ನು ರಾಷ್ಟ್ರದ ಸಾಂಸ್ಕೃತಿಕ ಸಂಪತ್ತೆಂದು ಘೋಷಿಸಿತು.

ರಸಿಕನ ಒಂದು ಗಂಟೆ

ಇಷ್ಟೆಲ್ಲ ದಾಟಿ ಬಂದ ಚುಟ್ಟಾವನ್ನು ಬಲ್ಲವನು ಅವಸರದಿಂದ ಬಾಯಿಗಿಡುವುದಿಲ್ಲ. ಮೊದಲು ಅದನ್ನು ಕಾಪಾಡುವ ಬಗೆ. ನಮ್ಮ ಬೇವಿನ ಕುಟುಂಬಕ್ಕೇ ಸೇರಿದ, ‘ಸ್ಪ್ಯಾನಿಷ್ ಸೀಡರ್’ ಎಂದು ವ್ಯಾಪಾರಿಗಳು ಕರೆಯುವ ಮರದ ಪೆಟ್ಟಿಗೆ. ಒಳಗಿನ ಗಾಳಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ತೇವ. ತೇವ ಕಡಿಮೆಯಾದರೆ ಎಲೆ ಬಿರಿಯುತ್ತದೆ. ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ.

ಅನಂತರ ಸ್ಪರ್ಶ. ಎರಡು ಬೆರಳಿನಿಂದ ಮೆಲ್ಲನೆ ಅದುಮಿ ನೋಡಿದರೆ ಅದು ಬಾಗಿ ಮತ್ತೆ ಮೊದಲಿನಂತಾಗಬೇಕು. ಹೊದಿಕೆ ತುಸು ಎಣ್ಣೆಯ ಮಿರುಗಿನಿಂದ ಕೂಡಿರಬೇಕು. ದಪ್ಪ ನರಗಳು ಎದ್ದು ಕಾಣಬಾರದು. ತಲೆಯ ಟೋಪಿಯನ್ನು ಹರಿತವಾದ ಅಲಗಿನಿಂದ ಚೂರೇ ಚೂರು ಕತ್ತರಿಸಬೇಕು. ಟೋಪಿಯ ಅಂಚಿನಿಂದ ಕೆಳಗೆ ಹೋದರೆ ಸುರುಳಿಯೇ ಬಿಚ್ಚಿಕೊಳ್ಳುವುದು. ಸೀಮೆಎಣ್ಣೆಯ, ಗಂಧಕದ ವಾಸನೆಯ ಬೆಂಕಿ ಕೂಡದು. ಮರದ ತೆಳು ಸೀಳಿನ ಜ್ವಾಲೆಯನ್ನು ತಾಗಿಯೂ ತಾಗದಂತೆ ಹಿಡಿದು, ಚುಟ್ಟಾವನ್ನು ತಿರುಗಿಸುತ್ತ, ಬುಡವೆಲ್ಲ ಸಮನಾಗಿ ಕೆಂಪಾಗುವಂತೆ ಮಾಡುವುದು ಕ್ರಮ. ಆಮೇಲೆ ನಿಮಿಷಕ್ಕೆ ಒಂದು ಸಲದಂತೆ ಎಳೆತ. ಹೊಗೆ ಬಾಯಲ್ಲಿ ಆಡಬೇಕು, ಎದೆಗೆ ಇಳಿಯಬಾರದು.

ಮೊದಲ ಭಾಗದಲ್ಲಿ ರುಚಿ ಸೌಮ್ಯ. ನಡುವೆ ಅದು ತುಂಬಿಕೊಳ್ಳುತ್ತದೆ. ಒಬ್ಬನಿಗೆ ಕೋಕೊ, ಒಬ್ಬನಿಗೆ ಮೆಣಸು, ಮತ್ತೊಬ್ಬನಿಗೆ ಚರ್ಮದ ಜೋಡಿನ ನೆನಪು. ಕೊನೆಗೆ ಕಾವೂ ಖಾರವೂ ಏರುತ್ತವೆ. ಚುಟ್ಟಾದ ಮೂರು ಭಾಗಗಳನ್ನು ‘ಹುಲ್ಲು, ದಿವ್ಯ, ಗಂಜಳ’ ಎಂದು ಹೇಳುವ ಒಂದು ಹಾಸ್ಯೋಕ್ತಿ ಫ್ರೆಂಚರಲ್ಲಿ ಉಂಟು. ಕೊನೆಯ ತುಂಡನ್ನು ಬಲ್ಲವರು ಹೊಸಕಿ ನಂದಿಸುವುದಿಲ್ಲ. ತಟ್ಟೆಯ ಅಂಚಿನಲ್ಲಿಟ್ಟು ತಾನಾಗಿ ಆರಲು ಬಿಡುತ್ತಾರೆ.

ಈ ರುಚಿಯ ಮೋಹ ಎಂಥದೆಂಬುದಕ್ಕೆ ಅಮೆರಿಕದ ಅಧ್ಯಕ್ಷ ಕೆನೆಡಿಯ ಪ್ರಸಂಗವೇ ಸಾಕು. 1962ರ ಫೆಬ್ರವರಿಯಲ್ಲಿ ಕ್ಯೂಬಾದೊಡನೆ ವ್ಯಾಪಾರ ನಿಲ್ಲಿಸುವ ಆಜ್ಞೆಗೆ ರುಜು ಹಾಕುವ ಮುನ್ನ, ಸಾವಿರ ‘ಪೆಟಿ ಉಪ್ಮನ್’ ಚುಟ್ಟಾಗಳನ್ನು ಒದಗಿಸುವಂತೆ ಅವನು ತನ್ನ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರನಿಗೆ ಹೇಳಿದನಂತೆ. ಮರುದಿನ ಬೆಳಗ್ಗೆ ಸಾವಿರದ ಇನ್ನೂರು ದೊರೆತಿವೆಯೆಂದು ಕೇಳಿದ ಮೇಲೆಯೇ ಲೇಖನಿ ಕೈಗೆತ್ತಿಕೊಂಡನೆಂದು ಸ್ಯಾಲಿಂಜರನೇ ಮುಂದೆ ಬರೆದಿದ್ದಾನೆ.

ಬೂದಿಯಾದ ಮೇಲೆ

ಇಷ್ಟು ಸೊಗಸಿನ ವಸ್ತುವಿನ ಒಡಲಲ್ಲಿ ವಿಷವೂ ಇದೆ ಎಂಬ ಮಾತನ್ನು ಮರೆಮಾಚುವುದು ರಸಿಕತೆಯಲ್ಲ. ಹೊಗೆಯನ್ನು ಎದೆಗೆ ಇಳಿಸದಿದ್ದರೂ ನಿಕೋಟಿನ್ ಬಾಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿಗೂ ಚುಟ್ಟಾಕ್ಕೂ ಇರುವ ನಂಟನ್ನು ವೈದ್ಯವಿಜ್ಞಾನ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿದೆ. ಒದ್ದೆಯಾದ ಹಸಿ ಎಲೆಯನ್ನು ಬಿಡಿಸುವವರ ಚರ್ಮದ ಮೂಲಕವೂ ಅದು ಒಳಸೇರಿ ವಾಂತಿ, ತಲೆಸುತ್ತು ತರುತ್ತದೆ. ಕೊಹಿಬಾ ಚುಟ್ಟಾವನ್ನು ಮೊದಲು ಯಾರಿಗಾಗಿ ಸುತ್ತಲಾಯಿತೋ ಆ ಫಿಡೆಲ್ ಕಾಸ್ಟ್ರೊ ಕೂಡ, ಜನರ ಆರೋಗ್ಯಕ್ಕೆ ತಾನೇ ಮೇಲ್ಪಂಕ್ತಿಯಾಗಬೇಕೆಂದು, 1985ರಲ್ಲಿ ಚುಟ್ಟಾ ಸೇದುವುದನ್ನು ಬಿಟ್ಟ.

ಪ್ರಕೃತಿಯೂ ಒಮ್ಮೊಮ್ಮೆ ಮುನಿಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ‘ಇಯಾನ್’ ಎಂಬ ಚಂಡಮಾರುತ ಪಿನಾರ್ ದೆಲ್ ರಿಯೊ ಪ್ರಾಂತದ ಮೇಲೆರಗಿದಾಗ ಸಾವಿರಾರು ಒಣಮನೆಗಳು ಒಂದೇ ದಿನದಲ್ಲಿ ನೆಲಕಚ್ಚಿದವು. ಗಳುಗಳನ್ನು ಹೆಕ್ಕಿ ಮತ್ತೆ ಮನೆಯೆತ್ತಬೇಕಾಯಿತು; ಸಸಿಮಡಿಯಿಂದಲೇ ಮತ್ತೆ ತೊಡಗಬೇಕಾಯಿತು. ವರ್ಷಗಳ ತಪಸ್ಸು ಎಂಬ ಮಾತು ಬರಿಯ ಅಲಂಕಾರವಲ್ಲವೆಂದು ಆ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ದೂರದ ನಗರವೊಂದರಲ್ಲಿ ಯಾವನೋ ಒಬ್ಬ ಊಟ ಮುಗಿಸಿ, ಚಿನ್ನದ ಬಣ್ಣದ ಪಟ್ಟಿಯನ್ನು ಕಳಚಿ, ಚುಟ್ಟಾ ಹೊತ್ತಿಸುತ್ತಾನೆ. ಗಂಟೆಯೊಳಗೆ ಅದು ಬೂದಿ. ಆದರೆ ಅದನ್ನು ಸುತ್ತುತ್ತಿದ್ದ ದಿನ ಹವಾನಾದ ಶಾಲೆಯಲ್ಲಿ ಯಾವುದೋ ಕಾದಂಬರಿಯ ಒಂದು ಅಧ್ಯಾಯ ನಡೆದಿತ್ತು. ಸುತ್ತಿದವಳ ಬೆರಳು ಅದನ್ನು ಕೇಳುತ್ತ ಕೇಳುತ್ತ ಓಡಿತ್ತು. ಸೇದಿದವನ ಪಾಲಿಗೆ ಉಳಿದದ್ದು ತಟ್ಟೆಯ ಬೂದಿ. ಅವಳು ಸಂಜೆ ಮನೆಗೆ ಕೊಂಡುಹೋದದ್ದು ಕಥೆ.